ಡಿಮೀಟರಳ ಅಪೂರ್ಣ ವಸಂತ

ಗ್ರೀಕರ ಧಾನ್ಯದೇವತೆ ಡಿಮೀಟರ್. ಆಕೆಯ ಮಗಳು ಪರ್ಸೆಫೊನಿ ಹೂ ಕೊಯ್ಯುತ್ತಿದ್ದಾಗ ಪಾತಾಳದೊಡೆಯ ಹೇಡಿಸ್ ಅವಳನ್ನು ಅಪಹರಿಸಿದ. 'ಚಳಿಗಾಲ ಕಳೆದರೆ ವಸಂತ ಬಂದೇ ಬರುತ್ತದೆ' ಎಂಬ ಸಾಂತ್ವನವಾಗಿ ಈ ಕಥೆಯನ್ನು ಓದುವುದು ರೂಢಿ. ಎಂ.ಎ. ತರಗತಿಯಲ್ಲಿ ನಾನೂ ಹಾಗೆಯೇ ಓದಿದ್ದೆ. ಇಂದು ಅದು ಅರ್ಧಸತ್ಯವೆನಿಸುತ್ತದೆ.

ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಡಿಮೀಟರ್ ಸ್ತೋತ್ರದಲ್ಲಿ ವಸಂತ ತಾನಾಗಿ ಬರುವುದಿಲ್ಲ. 9 ದಿನ ಅನ್ನಪಾನ ತೊರೆದು, ಪಂಜು ಹಿಡಿದು ಮಗಳನ್ನು ಅರಸಿದ ತಾಯಿ, ಕೊನೆಗೆ ಒಂದು ಕಾಳೂ ಮೊಳೆಯದಂತೆ ನೆಲವನ್ನು ತಡೆದಳು. ಮನುಕುಲವೇ ಅಳಿದು, ದೇವತೆಗಳಿಗೆ ಸಲ್ಲುವ ಬಲಿಯೂ ನಿಂತುಹೋಗುವಂತಾದಾಗ ಜೀಯಸ್ ಮಣಿದ. ಆದರೆ ಮಗಳು ಪಾತಾಳದಲ್ಲಿ ದಾಳಿಂಬೆಯ ಬೀಜ ತಿಂದಿದ್ದಳು. ಆದ್ದರಿಂದ ವರ್ಷದ ಮೂರರಲ್ಲೊಂದು ಪಾಲನ್ನು ಅವಳು ಅಲ್ಲಿಯೇ ಕಳೆಯಬೇಕಾಯಿತು.

ಇಷ್ಟಕ್ಕೇ ಒಪ್ಪಿ ತಾಯಿ ಹೊಲಗಳನ್ನು ಹಸಿರಾಗಿಸಿದಳು. ಎಲ್ಯೂಸಿಸ್‌ನ ಅರಸರಿಗೆ ತನ್ನ ರಹಸ್ಯ ಆರಾಧನೆಯನ್ನು ಕಲಿಸಿದಳು. ಕಥೆಯ ಅಧ್ಯಾತ್ಮ ಇಲ್ಲಿದೆ. ಕಳೆದುಕೊಂಡದ್ದು ಇಡಿಯಾಗಿ ಮರಳುವುದಿಲ್ಲವೆಂದು ತಿಳಿದೂ ಬಿತ್ತನೆಗೆ ಕೈಹಚ್ಚುವುದೇ ಮರುಹುಟ್ಟು.

ಮಗುವನ್ನು ಕಳೆದುಕೊಂಡವರಿಗೆ 'ಕಾಲವೇ ಮದ್ದು' ಎನ್ನುವ ಮುನ್ನ ನಾವು ಡಿಮೀಟರಳನ್ನು ನೆನೆಯಬೇಕು. ದೇವತೆಯ ಪಾಲಿಗೂ ಅಗಲಿಕೆಯ ಋತು ಪ್ರತಿವರ್ಷ ಮರಳುತ್ತದೆ. ಮನುಷ್ಯರಿಗೆ ಆ ಋತುವನ್ನು ನಿರಾಕರಿಸಲು ನಾವು ಯಾರು?