ಕಾಲು ಬೆಚ್ಚಗಿರಲು ಯಾವ ಬೂಟು?

ಅಂಕಿಗಳಲ್ಲಿ ನೋಡಿದರೆ ಚಿತ್ರದುರ್ಗದ ಚಳಿ ಅಂಥ ದೊಡ್ಡದೇನಲ್ಲ. ಡಿಸೆಂಬರ್, ಜನವರಿಯಲ್ಲೂ ಕನಿಷ್ಠ ಉಷ್ಣಾಂಶ ಸರಾಸರಿ 16 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಾಗಿದ್ದೂ ನಸುಕಿನಲ್ಲಿ ಸಿರಿಗೆರೆಯಿಂದ ಭರಮಸಾಗರದ ಕಡೆಗೋ ದುರ್ಗದಿಂದ ಜೋಗಿಮಟ್ಟಿಯ ಕಡೆಗೋ ಸೈಕಲ್ ಹತ್ತಿದವರ ಕಾಲ್ಬೆರಳು ಜೋಮು ಹಿಡಿಯುವುದು ಸುಳ್ಳಲ್ಲ. ಆಗ ಬೆಚ್ಚನೆಯ ಬೂಟಿನ ಯೋಚನೆ ಬರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಹಿಮದ ನಾಡಿನ ಸವಾರರಿಗೆಂದೇ ಹೊಲಿದ, ಕಣಕಾಲು ಮುಚ್ಚುವ, ಹತ್ತಾರು ಸಾವಿರ ರೂಪಾಯಿಯ ಬೂಟುಗಳು ಸಾಲುಗಟ್ಟಿ ಕಾಣಿಸಿಕೊಳ್ಳುತ್ತವೆ. ಇಂಥ ಆಯ್ಕೆಯಲ್ಲಿ ಯಾರ ಮಾತು ಕೇಳಬೇಕು? ಆಟ ಹುಟ್ಟಿ ಬೆಳೆದ ನಾಡಿನದೋ, ಸವಾರಿ ನಡೆಯುವ ನೆಲದ್ದೋ? ನೆಲದ್ದೇ ಎಂದು ಈ ಲೇಖನ ವಾದಿಸುತ್ತದೆ.

ಮೌಂಟನ್ ಬೈಕು ನಮ್ಮ ಬಯಲುಸೀಮೆಗೆ ಈಗ ಹೊಸದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ರಾಜ್ಯಕ್ಕೆ ಸೈಕಲ್ ಪಟುಗಳನ್ನು ಕೊಡುತ್ತಾ ಬಂದಿವೆ. 2021ರ ಫೆಬ್ರವರಿಯಲ್ಲಿ ಮೌಂಟನ್ ಬೈಕಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ಕುರುಚಲು ಗುಡ್ಡ, ಕೆಂಪು ಮಣ್ಣು, ಕಲ್ಲುಹರಳು, ಎಲ್ಲೆಂದರಲ್ಲಿ ಬಳ್ಳಾರಿ ಜಾಲಿಯ ಮುಳ್ಳು: ಈ ಆಟಕ್ಕೆ ಇಲ್ಲಿ ಸಿಗುವ ನೆಲ ಅಂಥದ್ದು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಗುಡ್ಡಗಳೂ ಇದೇ ಜಾತಿಯವು.

ಸೈಕಲ್ ಮೇಲೆ ಕಾಲು ಯಾಕೆ ತಣ್ಣಗಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ನಡೆಯುವವನ ಪಾದ ಹೆಜ್ಜೆ ಹೆಜ್ಜೆಗೂ ಮಡಚಿ ಬಿಚ್ಚುತ್ತದೆ, ಬೆರಳುಗಳು ನೆಲವನ್ನು ಒತ್ತುತ್ತವೆ, ಹಿಮ್ಮಡಿ ಏರಿಳಿಯುತ್ತದೆ. ಪೆಡಲಿನ ಮೇಲಿನ ಪಾದಕ್ಕೆ ಈ ಕೆಲಸವಿಲ್ಲ. ತೊಡೆ, ಮೀನಖಂಡ ಎಷ್ಟೇ ದುಡಿದರೂ ಪಾದ ಹಲಗೆಯ ಹಾಗೆ ಒಂದೇ ಭಂಗಿಯಲ್ಲಿ ಸುತ್ತುತ್ತಿರುತ್ತದೆ. ಮೈಗೆ ಚಳಿ ತಟ್ಟಿದೊಡನೆ ದೇಹ ಹೃದಯ, ಶ್ವಾಸಕೋಶಗಳನ್ನು ಕಾಪಾಡಲು ಕೈಕಾಲಿನ ತುದಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಕಾಲ್ಬೆರಳು ಮರಗಟ್ಟಿದವನ ತೊಂದರೆ ಎಷ್ಟೋ ಸಲ ಎದೆಯ ಮೇಲಿನ ತೆಳು ಜೆರ್ಸಿಯಲ್ಲಿರುತ್ತದೆ. ಒಂದು ಗಾಳಿತಡೆ ಜಾಕೆಟ್ಟು, ಕಿವಿ ಮುಚ್ಚುವ ಟೊಪ್ಪಿಗೆ ಕಾಲಿಗೂ ಉಪಕಾರ ಮಾಡುತ್ತವೆ.

ಇನ್ನು ಗಾಳಿ. ದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತಿರುವುದನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ಕಂಡಿದ್ದಾರೆ. ಅವು ಭರದಿಂದ ತಿರುಗುವುದು ಮುಂಗಾರಿನ ತಿಂಗಳುಗಳಲ್ಲಿ. ಚಳಿಗಾಲದಲ್ಲಿ ಸವಾರ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ: ಇಳಿಜಾರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೆ ಅಷ್ಟೇ ವೇಗದ ಗಾಳಿ ಎದುರಿನಿಂದ ಬಡಿಯುತ್ತದೆ. ಅಮೆರಿಕ, ಕೆನಡಾ 2001ರಲ್ಲಿ ಅಳವಡಿಸಿಕೊಂಡ ಗಾಳಿಚಳಿಯ ಲೆಕ್ಕದಂತೆ, 5 ಡಿಗ್ರಿ ಉಷ್ಣಾಂಶದಲ್ಲಿ ಅಷ್ಟು ಗಾಳಿ ಬೀಸಿದರೆ ಮೈಗೆ ಸೊನ್ನೆ ಡಿಗ್ರಿಯ ಅನುಭವವಾಗುತ್ತದೆ. ಆ ಲೆಕ್ಕ 10 ಡಿಗ್ರಿಗಿಂತ ಕೆಳಗಿನ ಹವೆಗೆ ಮಾತ್ರ ಹೊಂದುವಂಥದ್ದು. ದುರ್ಗದ ಬೆಳಗಿಗೆ ಅದನ್ನು ಹಾಗೇ ಅನ್ವಯಿಸುವಂತಿಲ್ಲ. ಆದರೆ ಬೇಸಿಗೆಗೆಂದು ಮಾಡಿದ ಸೈಕಲ್ ಶೂವಿನ ಮೂತಿಯಲ್ಲಿ ಗಾಳಿಯಾಡಲೆಂದೇ ಜಾಲರಿ ಇರುತ್ತದೆ. ಚಳಿಗಾಲದಲ್ಲಿ ಬೆರಳಿಗೆ ನೇರವಾಗಿ ತಾಗುವುದು ಆ ಜಾಲರಿಯಿಂದ ನುಗ್ಗುವ ಗಾಳಿಯೇ. ಅದನ್ನು ಮುಚ್ಚಲು ಶೂವಿನ ಮುಂಭಾಗಕ್ಕೆ ಸಿಕ್ಕಿಸುವ ಒಂದು ಸಣ್ಣ ನಿಯೋಪ್ರೀನ್ ಹೊದಿಕೆ ಸಾಕು. ಬೂಟಿನ ಬೆಲೆಯ ಮುಂದೆ ಅದರದ್ದು ಏನೂ ಅಲ್ಲ.

ಗಾಳಿಗಿಂತ ಕೆಟ್ಟದ್ದು ಒದ್ದೆ. ನೀರು ನಿಶ್ಚಲ ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ದಪ್ಪ ಬೂಟು ನಮ್ಮಲ್ಲಿ ಸೋಲುವುದು ಇಲ್ಲಿಯೇ. ಗುಡ್ಡ ಏರುವಾಗ ಮೈ ಬಿಸಿಯಾಗಿ ಪಾದ ಬೆವರುತ್ತದೆ. ಹತ್ತಿಯ ಕಾಲುಚೀಲ ಆ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಇಳಿಯುವಾಗ ಅದೇ ತೇವ ಬೆರಳಿನ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಒಳಗೆ ದಪ್ಪ ಪದರವಿರುವ ಬೂಟಿನಲ್ಲಿ ಬೆವರು ಇನ್ನೂ ಹೆಚ್ಚು, ಆರುವುದಂತೂ ನಿಧಾನ. ಅದೂ ಅಲ್ಲದೆ ದುರ್ಗದ ಚಳಿ ಒಂಬತ್ತು ಗಂಟೆಗೆಲ್ಲ ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಆ ಬೂಟು ಬರೀ ಭಾರ. ಇಲ್ಲಿನ ಸವಾರನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಚೀಲದಲ್ಲಿ ಇನ್ನೊಂದು ಜೊತೆ ಒಣಗಿದ ಉಣ್ಣೆಯ ಕಾಲುಚೀಲ ಇಟ್ಟುಕೊಂಡು, ನೆತ್ತಿ ತಲುಪಿದ ಮೇಲೆ ಬದಲಾಯಿಸಿ ಇಳಿಯುವುದು.

ಚಳಿಗಾಲದ ಸೈಕಲ್ ಸವಾರಿಗೆ ಹೆಸರಾದ ಊರು ಫಿನ್ಲೆಂಡಿನ ಔಲು. 2013ರಲ್ಲಿ ಚಳಿಗಾಲದ ಸೈಕ್ಲಿಂಗ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮಾವೇಶ ಅಲ್ಲಿ ನಡೆಯಿತು. ಅಲ್ಲಿ ಮಕ್ಕಳು ಸೊನ್ನೆಗಿಂತ ಹತ್ತು, ಹದಿನೈದು ಡಿಗ್ರಿ ಕೆಳಗಿನ ಹವೆಯಲ್ಲೂ ಶಾಲೆಗೆ ಸೈಕಲ್ ತುಳಿಯುತ್ತಾರೆ. ಅವರ ಕಾಲಲ್ಲಿ ಇರುವುದು ನಡೆದಾಡಲು ತೊಡುವ ಮಾಮೂಲಿ ಚಳಿಗಾಲದ ಬೂಟು, ಸೈಕಲ್ಲಿಗೆ ಇರುವುದು ಚಪ್ಪಟೆ ಪೆಡಲು. ನಿಧಾನ ಸವಾರಿ, ಹತ್ತಿರದ ದಾರಿ, ತಲುಪಿದಲ್ಲಿ ಬೆಚ್ಚನೆಯ ಕೋಣೆ. ಅಲ್ಲಿಗೆ ವಿಶೇಷ ಬೂಟು ಬೇಕಾಗಿಲ್ಲ. ಅದು ಬೇಕಾಗುವುದು ಅಮೆರಿಕದ ಮಿನೆಸೋಟದಂಥ ಕಡೆ, ಹಿಮದ ಕಾಡುದಾರಿಗಳಲ್ಲಿ ಗಂಟೆಗಟ್ಟಲೆ ಸುತ್ತುವವರಿಗೆ. 2005ರಲ್ಲಿ ಪಗ್ಸ್‌ಲಿ ಎಂಬ ದಪ್ಪ ಚಕ್ರದ ಸೈಕಲ್ಲನ್ನು ತಂದ ಸರ್ಲಿ ಕಂಪನಿ ಅಲ್ಲಿಯದು. ಚಳಿಗಾಲದ ಸೈಕಲ್ ಬೂಟುಗಳನ್ನೇ ಮಾಡುವ 45ನಾರ್ತ್ ಕೂಡ ಅಲ್ಲಿಯದೇ. ಅವರ ಬೂಟು ಅವರ ನೆಲಕ್ಕೆ ಸರಿಯಾದ ಉತ್ತರ. ಮಿನಿಯಾಪೊಲಿಸ್‌ನಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಅದನ್ನು ಕೊಂಡರೆ ವಿವೇಕ. ಅದೇ ಬೂಟನ್ನು ಊರಿನ ತಮ್ಮನಿಗೆ ಕಳಿಸಿಕೊಟ್ಟರೆ ಪ್ರೀತಿ ದೊಡ್ಡದು, ಉಪಯೋಗ ಕಡಿಮೆ.

ಹಿಮಾಲಯದ ಮಾತು ಬೇರೆ. ಪ್ರತಿ ಬೇಸಿಗೆಯಲ್ಲೂ ಕರ್ನಾಟಕದಿಂದ ಹಲವರು ಮನಾಲಿ–ಲೇಹ್ ದಾರಿ ಹಿಡಿಯುತ್ತಾರೆ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬಾರಾಲಾಚಾ ಕಣಿವೆದಾರಿ 4,800 ಮೀಟರಿಗೂ ಮೇಲಿದೆ. ಅಲ್ಲಿ ಹಿಮ ಕರಗಿದ ನೀರು ರಸ್ತೆಯನ್ನು ಅಡ್ಡ ಹಾಯುತ್ತದೆ. ಬೆಳಿಗ್ಗೆ ತೆಳುವಾಗಿ ಹರಿಯುವ ನಾಲೆ ಮಧ್ಯಾಹ್ನದ ಬಿಸಿಲಿಗೆ ಉಕ್ಕುತ್ತದೆ. ಜಲನಿರೋಧಕ ಬೂಟು ಕೂಡ ಕಣಕಾಲಿನ ಮೇಲೆ ನೀರು ಬಂದರೆ ನಿರುಪಾಯ. ಮೇಲಿನಿಂದ ನುಗ್ಗಿದ ನೀರು ಹೊರಗೆ ಹೋಗಲಾರದೆ ಒಳಗೇ ನಿಲ್ಲುತ್ತದೆ. ಬೂಟನ್ನು ಕಳಚಿ ಕೊರಳಿಗೆ ನೇತುಹಾಕಿಕೊಂಡು, ಸ್ಯಾಂಡಲ್ ತೊಟ್ಟು ದಾಟುವವರೇ ಅಲ್ಲಿ ಜಾಣರು. ಸಂಜೆಗೆ ಒಣಗಿದ ಬೂಟು ಉಳಿಯುವುದು ಅವರಿಗೆ ಮಾತ್ರ.

ಕೊಳ್ಳುವಾಗ ಜನ ಹೆಚ್ಚು ತಪ್ಪುವುದು ಅಳತೆಯಲ್ಲಿ. ದಪ್ಪ ಕಾಲುಚೀಲ ತೊಟ್ಟರೆ ಬೆಚ್ಚಗಾಗುತ್ತದೆಂದು ಎರಡು ಜೊತೆ ಏರಿಸಿ, ಅದೇ ಹಳೆಯ ನಂಬರಿನ ಶೂವಿಗೆ ಪಾದ ತುರುಕುತ್ತಾರೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಬಿಗಿಯಾದರೆ ಆ ಗಾಳಿಯೂ ಹೋಯಿತು, ರಕ್ತದ ಓಡಾಟವೂ ಹೋಯಿತು. ಅಂಗಡಿಗೆ ಸಂಜೆ ಹೋಗಬೇಕು, ದಿನವಿಡೀ ಓಡಾಡಿದ ಪಾದ ಆಗ ಕೊಂಚ ಊದಿರುತ್ತದೆ. ಚಳಿಗಾಲಕ್ಕೆ ತೊಡುವ ಕಾಲುಚೀಲವನ್ನೇ ಹಾಕಿಕೊಂಡು, ಲೇಸು ಕಟ್ಟದೆ ಪಾದವನ್ನು ಮೂತಿಗೆ ತಾಗುವಷ್ಟು ಮುಂದೆ ತಳ್ಳಬೇಕು. ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಇಳಿಯಬೇಕು. ಆಮೇಲೆ ಲೇಸು ಕಟ್ಟಿ ಐದೂ ಬೆರಳನ್ನು ಮೇಲೆ ಕೆಳಗೆ ಆಡಿಸಿ ನೋಡಬೇಕು. ಆಡದಿದ್ದರೆ ಎಷ್ಟೇ ದುಬಾರಿಯಾದರೂ ಅದನ್ನು ವಾಪಸ್ ಇಡುವುದೇ ಸರಿ.

ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಇರುವ ಶೂಗಳಲ್ಲಿ ಇನ್ನೊಂದು ಗುಟ್ಟಿದೆ. ಶಿಮಾನೊ ಕಂಪನಿಯ ಎಸ್‌ಪಿಡಿ ಪೆಡಲುಗಳು 1990ರ ಹೊತ್ತಿಗೆ ಬಂದಾಗಿನಿಂದ ಅಟ್ಟೆಯ ಕೆಳಗೆ ಲೋಹದ ತುಣುಕು, ಅದನ್ನು ಹಿಡಿಯುವ ಎರಡು ಬೋಲ್ಟು ಮಾಮೂಲಾಗಿವೆ. ಒಳಗಿನ ಹಾಸನ್ನು ಎತ್ತಿ ಕೈ ಹಾಕಿದರೆ ಬೋಲ್ಟಿನ ತಲೆಯ ಲೋಹವೂ ಅದರ ಸುತ್ತಲಿನ ಸೀಳೂ ಬೆರಳಿಗೆ ಸಿಗುತ್ತವೆ. ತಣ್ಣನೆಯ ಗಾಳಿ, ಕೆಸರುನೀರು ಒಳಬರುವುದು ಅಲ್ಲಿಂದಲೇ. ಅದರ ಮೇಲೆ ಟೇಪು ಅಂಟಿಸಿ ಒಂದು ಉಣ್ಣೆಯ ಹಾಸು ಹಾಕಿದರೆ ಶೂವೇ ಬದಲಾದಷ್ಟು ವ್ಯತ್ಯಾಸ ಕಾಣುತ್ತದೆ. ಚಪ್ಪಟೆ ಪೆಡಲಿನವರಿಗೆ ಈ ಗೋಜಿಲ್ಲ. ಆದರೆ ಅವರ ಅಟ್ಟೆ ಜಾಲಿಮುಳ್ಳು ದಾಟದಷ್ಟು ಗಟ್ಟಿಯಿರಬೇಕು. ಸೈಕಲ್ ತಳ್ಳಿಕೊಂಡು ನಡೆಯುವ ಪ್ರಸಂಗ ಈ ಗುಡ್ಡಗಳಲ್ಲಿ ಬಂದೇ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಡುವಯಸ್ಸಿನಲ್ಲಿ ಸೈಕಲ್ ಹಿಡಿಯುವ ಎಷ್ಟೋ ಮಂದಿ ಸಕ್ಕರೆ ಕಾಯಿಲೆಯ ಕಾರಣಕ್ಕೇ ಹಿಡಿದವರು. ಆ ಕಾಯಿಲೆ ಹಳೆಯದಾದರೆ ಪಾದದ ನರಗಳ ಸಂವೇದನೆ ಕುಂದುತ್ತದೆ. ಶೂ ಬಿಗಿಯಾದದ್ದು, ಮುಳ್ಳು ಚುಚ್ಚಿದ್ದು, ಬೆರಳು ಮರಗಟ್ಟಿದ್ದು ಯಾವುದೂ ಗೊತ್ತಾಗುವುದಿಲ್ಲ. ಅಂಥವರು ಪಾದದ ಅನಿಸಿಕೆಯನ್ನು ನಂಬದೆ ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಶೂ ಆರಿಸಬೇಕು. ಸವಾರಿ ಮುಗಿದ ಮೇಲೆ ಕಾಲುಚೀಲ ಕಳಚಿ ಬೆರಳುಸಂದಿಗಳನ್ನು ಪರೀಕ್ಷಿಸಬೇಕು.

ಬೂಟಿನ ಚರ್ಚೆ ಹವ್ಯಾಸಿಗಳಿಗೆ ಮಾತ್ರ ಸೇರಿದ್ದು ಎನ್ನುವವರಿದ್ದಾರೆ. ಸಿರಿಗೆರೆಯಂಥ ಊರಿನಲ್ಲಿ ಆ ಮಾತು ನಿಲ್ಲುವುದಿಲ್ಲ. ತರಳಬಾಳು ಮಠದ ಶಾಲೆ, ಕಾಲೇಜುಗಳಿಂದಾಗಿ ಅದು ಸುತ್ತಲ ಹಳ್ಳಿಗಳ ಮಕ್ಕಳೆಲ್ಲ ಬಂದು ಸೇರುವ ಊರು. ರಾಜ್ಯ ಸರ್ಕಾರ 2006–07ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ ಬಂದದ್ದು ಅದಾಗಿ ಸುಮಾರು ಒಂಬತ್ತು ವರ್ಷಕ್ಕೆ. ಮಾಘದ ಚಳಿಯಲ್ಲಿ ಹವಾಯಿ ಚಪ್ಪಲಿ ಮೆಟ್ಟಿ ಪೆಡಲು ತುಳಿಯುವ ಹುಡುಗಿಗೆ ಬೇಕಾದದ್ದು ಬೆರಳು ಮುಚ್ಚುವ ಸಾದಾ ಶೂ, ಒಣಗಿದ ಕಾಲುಚೀಲ. ಜೋಗಿಮಟ್ಟಿಯ ಸವಾರನ ಅಗತ್ಯವೂ ಹೆಚ್ಚುಕಡಿಮೆ ಅಷ್ಟೇ, ಅಟ್ಟೆಯೊಂದು ಇನ್ನಷ್ಟು ಗಟ್ಟಿಯಿರಬೇಕು.

ಉಣ್ಣೆಯೂ ಈ ಜಿಲ್ಲೆಗೆ ಪರಕೀಯವಲ್ಲ. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರುಬರು ದಖ್ಖನಿ ಕುರಿಯ ಉಣ್ಣೆ ನೂತು, ಹುಣಸೆಬೀಜದ ಗಂಜಿ ಹಚ್ಚಿ ನೇಯುವ ಕಂಬಳಿ ಕುರಿಗಾಹಿಯನ್ನು ಗಾಳಿಯಿಂದಲೂ ತುಂತುರು ಮಳೆಯಿಂದಲೂ ಕಾಯುತ್ತಾ ಬಂದಿದೆ. ಆ ಉಣ್ಣೆ ಒರಟು. ಮೆರಿನೊ ಉಣ್ಣೆಯಂತೆ ಬರಿಮೈಗೆ ತಾಗುವ ಕಾಲುಚೀಲಕ್ಕೆ ಆಗಿಬರುವುದಿಲ್ಲ. ಶೂವಿನೊಳಗಿನ ಹಾಸಿಗೆ ಮಾತ್ರ ಆ ಒರಟುತನ ಅಡ್ಡಿಯಲ್ಲ. ಚಳಿನಾಡಿನ ಭಾರಿ ಬೂಟುಗಳಲ್ಲಿ ಕಳಚಿ ಒಣಗಿಸಬಹುದಾದ ಒತ್ತುಣ್ಣೆಯ ಒಳಪದರ ಇರುತ್ತದಲ್ಲ, ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಇದೂ ಮಾಡಬಲ್ಲದು. ಹಳೆಯ ಕಂಬಳಿಯ ಅಂಚನ್ನು ಪಾದದ ಅಳತೆಗೆ ಕತ್ತರಿಸಿ ಹೊಲಿಗೆ ಹಾಕಿಕೊಡಲು ಬಸ್ ನಿಲ್ದಾಣದ ಬಳಿ ಕೂರುವ ಚಮ್ಮಾರರಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹಾಸು ಹಾಕಿದ ಮೇಲೆ ಶೂ ಬಿಗಿಯಾಯಿತೇ ಎಂದು ಮತ್ತೊಮ್ಮೆ ಬೆರಳಾಡಿಸಿ ನೋಡಬೇಕು. ಬಿಗಿಯಾಗಿದ್ದರೆ ಮುಂದಿನ ಸಲ ಅರ್ಧ ನಂಬರ್ ದೊಡ್ಡದನ್ನು ಕೊಳ್ಳುವುದೇ ದಾರಿ.