ನೆರೆಮನೆಗೆ ಹರಿಯುವ ಜ್ಞಾನ

ಶಿಡ್ಲಘಟ್ಟ ಮತ್ತು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯನ್ನೇ ನಂಬಿ ಬದುಕುವ ಮುಸ್ಲಿಮ್ ಕುಟುಂಬಗಳು ಅನೇಕ. ಅಕ್ಕಪಕ್ಕದಲ್ಲೇ ಘಟಕಗಳು, ಒಂದೇ ಮಾರುಕಟ್ಟೆಯಲ್ಲಿ ಗೂಡಿನ ಹರಾಜು. ಗೂಡು ಬೇಯಿಸುವ ನೀರಿನ ಹದವನ್ನು ಒಬ್ಬನು ಸರಿಪಡಿಸಿಕೊಂಡರೆ ಅದು ಪಕ್ಕದ ಘಟಕಕ್ಕೂ ಬೇಗನೆ ತಲುಪುತ್ತದೆ. ಕೆಲಸಗಾರನು ಮಾಲಿಕನನ್ನು ಬದಲಿಸುತ್ತಾನೆ. ಮೆಕ್ಯಾನಿಕ್ ಎಲ್ಲರ ಯಂತ್ರವನ್ನೂ ದುರಸ್ತಿ ಮಾಡುತ್ತಾನೆ. ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯದೆಂದು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದರು.

ಇದೊಂದು ಅನುಗ್ರಹ. ಆದರೆ ತೊಡಕು ಇರುವುದೂ ಇಲ್ಲಿಯೇ. ತಾನು ಹಣ ವ್ಯಯಿಸಿ ಕಂಡುಕೊಂಡದ್ದರ ಲಾಭ ನೆರೆಯವನಿಗೂ ದಕ್ಕುವುದಾದರೆ ತಾನೇಕೆ ವ್ಯಯಿಸಬೇಕೆಂದು ಪ್ರತಿಯೊಬ್ಬನೂ ಯೋಚಿಸುತ್ತಾನೆ. ಕೊನೆಗೆ ಯಾರೂ ವ್ಯಯಿಸುವುದಿಲ್ಲ. ಎಲ್ಲರ ಉತ್ಪಾದಕತೆಯೂ ಇದ್ದಲ್ಲೇ ಉಳಿಯುತ್ತದೆ. ಸಂಶೋಧನೆಗೆ ಸರಕಾರ ಹಣ ಒದಗಿಸಬೇಕೆಂಬ ವಾದಕ್ಕೆ ಇದುವೇ ಆಧಾರ. ಆದರೆ 2020-21ರಲ್ಲಿ ನಮ್ಮ ದೇಶ ಸಂಶೋಧನೆಗೆ ವ್ಯಯಿಸಿದ್ದು ಜಿಡಿಪಿಯ ಶೇ. 0.64 ಮಾತ್ರ. ಚೀನಾ ಆ ಹೊತ್ತಿಗಾಗಲೇ ಶೇ. 2ನ್ನು ದಾಟಿತ್ತು. ಚೀನಾ ರೇಷ್ಮೆಯ ಆಮದು ಸುಂಕದ ಬಗ್ಗೆ ಗುಡುಗುವ ರಾಜಕಾರಣಿಗಳು ಈ ಅಂತರದ ಬಗ್ಗೆ ಮಾತನಾಡುವುದು ಅಪರೂಪ.

ಹಾಗೆಂದು ಹೊಣೆಯನ್ನೆಲ್ಲ ಸರಕಾರದ ಹೆಗಲಿಗೇರಿಸಿ ನಾವು ಸುಮ್ಮನೆ ಕೂರುವಂತಿಲ್ಲ. ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ 1983ರಿಂದಲೂ ಬೆಂಗಳೂರಿನಲ್ಲಿದೆ. ಅದರ ಬಾಗಿಲು ತಟ್ಟಿದವರು ನಮ್ಮಲ್ಲಿ ಎಷ್ಟು ಮಂದಿ? ಸ್ವತಃ ಪ್ರಯೋಗ ಮಾಡಿ ಕಲಿತವನೇ ಇತರರ ಆವಿಷ್ಕಾರವನ್ನೂ ಅರಗಿಸಿಕೊಳ್ಳಬಲ್ಲನೆಂದು ಕೋಹೆನ್ ಮತ್ತು ಲೆವಿಂತಲ್ ಎಂಬ ವಿದ್ವಾಂಸರು 1989ರಲ್ಲಿ ವಾದಿಸಿದ್ದರು. ನಾವಾದರೋ ಓದು ಮುಗಿಯುವ ಮುನ್ನವೇ ಮಕ್ಕಳನ್ನು ಬಿಸಿನೀರಿನ ಬೇಸಿನ್ನಿನ ಮುಂದೆ ನಿಲ್ಲಿಸುತ್ತೇವೆ. ಓದಿದ ಮಗನೋ ತಂದೆಯ ಕಸುಬಿನತ್ತ ತಿರುಗಿಯೂ ನೋಡುವುದಿಲ್ಲ.

ಪ್ರಯೋಜನಕಾರಿ ಜ್ಞಾನದ ಪ್ರತಿಫಲವು ಮರಣಾನಂತರವೂ ಮುಂದುವರಿಯುತ್ತದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಪ್ರತಿ ಘಟಕವೂ ಲಾಭದ ಸಣ್ಣ ಪಾಲನ್ನು ಒಂದು ಸಾಮೂಹಿಕ ನಿಧಿಗೆ ನೀಡಲಿ. ಅದರಿಂದ ಗೂಡು ಮತ್ತು ನೂಲನ್ನು ಪರೀಕ್ಷಿಸುವ ಪ್ರಯೋಗಾಲಯವೊಂದು ನಡೆಯಲಿ. ಕಸುಬುದಾರರ ಮಕ್ಕಳು ತಂತ್ರಜ್ಞರಾಗಿ ಮರಳಲಿ. ಮದುವೆಯ ಆಡಂಬರಕ್ಕೆ ಸಾಲ ಮಾಡಬಲ್ಲ ಸಮುದಾಯಕ್ಕೆ ಇದು ಭಾರವೇ? ನೆರೆಯವನಿಗೆ ದಕ್ಕಿದ್ದನ್ನು ತನ್ನ ನಷ್ಟವೆಂದು ಎಣಿಸುವ ಮನಸ್ಸು ಬದಲಾಗದೆ ನಮ್ಮ ಬೀದಿಗಳ ಬಡತನವೂ ಬದಲಾಗದು.