ಕರೆಗಂಟೆಗೆ ಬಾಯಿ ಬಂದರೆ ಸಾಕೆ?

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಬಂದ ಒಂದು ಸಲಹೆಯನ್ನು ನಾನು ವಿರೋಧಿಸಿದೆ. ವಿರೋಧಿಸಿದವನು ನಾನೊಬ್ಬನೇ. ಸಭೆಯಲ್ಲಿ ವಿವರವಾಗಿ ಮಾತನಾಡಲು ಅವಕಾಶವಿರಲಿಲ್ಲ. ಊಟದ ಹೊತ್ತೂ ಮೀರಿತ್ತು. ಅಂದು ಹೇಳಲಾಗದೆ ಉಳಿದುದನ್ನು ಈಗ ವಾಚಕರ ಮುಂದೆ ಇಡುತ್ತಿದ್ದೇನೆ.

ಸಲಹೆ ಇಷ್ಟು: ರಾಜ್ಯೋತ್ಸವ ನಿಧಿಯಲ್ಲಿ ಉಳಿದ ಹಣದಿಂದ ಅಸ್ಸಿಯ ಆಸುಪಾಸಿನ ಒಂದು ಆಸ್ಪತ್ರೆಗೆ, ದನಿ ಕೇಳಿ ಕೆಲಸ ಮಾಡುವ ಯಂತ್ರಗಳನ್ನು ದಾನವಾಗಿ ಕೊಡುವುದು. ಹಾಸಿಗೆಯ ಪಕ್ಕದಲ್ಲೊಂದು ಪುಟ್ಟ ಡಬ್ಬಿ. ರೋಗಿ ಬಾಯಲ್ಲಿ ಹೇಳಿದ್ದನ್ನು ಅದು ದಾದಿಯ ಮೊಬೈಲಿಗೆ ಮುಟ್ಟಿಸುತ್ತದೆ. ದಾದಿ ಬಾಯಲ್ಲಿ ಹೇಳಿದ ಜ್ವರ, ನಾಡಿ, ಔಷಧಗಳ ವಿವರವನ್ನು ಬರೆದಿಡುತ್ತದೆ. ದಾದಿಯರ ಹೊರೆ ಇಳಿಯುತ್ತದೆ, ಡಬ್ಬಿಯ ಮೇಲೆ ಸಂಘದ ಹೆಸರೂ ಉಳಿಯುತ್ತದೆ. 'ಕಾಶಿಯಲ್ಲಿ ಕನ್ನಡಿಗರ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ಇನ್ನೂ ಕರ್ನಾಟಕ ಘಾಟನ್ನೂ ಜಂಗಮವಾಡಿ ಮಠವನ್ನೂ ತೋರಿಸುತ್ತ ಕೂರುವುದೇ?' ಎಂದು ಸಲಹೆ ತಂದ ಮಿತ್ರರು ಪ್ರಶ್ನಿಸಿದರು. ನ್ಯಾಯವಾದ ಪ್ರಶ್ನೆಯೇ. ಅವೆಲ್ಲ ಹಿಂದಿನವರು ಮಾಡಿಟ್ಟದ್ದು. ಆದರೆ ನಾವು ಮಾಡಹೊರಟಿರುವುದು ಎಂಥದು ಎಂಬುದನ್ನಾದರೂ ನೋಡಬೇಡವೇ?

2023ರ ಡಿಸೆಂಬರಿನಲ್ಲಿ ಸಾಗರದಿಂದ ಕಾಶೀಯಾತ್ರೆಗೆ ಬಂದ ನನ್ನ ಸೋದರತ್ತೆ ಒದ್ದೆ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರಿಗೆ ಆಗ ಎಂಬತ್ತೊಂದು ವರ್ಷ. ಹೆಸರು ಹೇಳುವುದು ಬೇಡ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ರಾತ್ರಿ ಪಾಳಿಯಲ್ಲಿ ಎರಡು ಅಂತಸ್ತಿಗೆ ಸೇರಿ ಒಬ್ಬಳೇ ದಾದಿ. ನಾನೇ ಎಣಿಸಿದಂತೆ ಹತ್ತೊಂಬತ್ತು ರೋಗಿಗಳು. ಗಾಜೀಪುರದ ಹುಡುಗಿ, ಭೋಜಪುರಿ ಮನೆಮಾತು. ಅತ್ತೆಯನ್ನು ಅವಳು 'ದಾದೀ' ಎಂದು ಕರೆದಳು. ಹಿಂದಿಯಲ್ಲಿ ಹಾಗೆಂದರೆ ಅಜ್ಜಿ. ಅತ್ತೆಗೆ ಆ ನೋವಿನಲ್ಲೂ ನಗು ಬಂದು, 'ದಾದಿ ನಾನಲ್ಲ ತಂಗೀ, ನೀನು' ಎಂದರು. ನಾನು ಅರ್ಥ ಬಿಡಿಸಿ ಹೇಳಿದ ಮೇಲೆ ಆ ಹುಡುಗಿಯೂ ನಕ್ಕಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ದಾದಿ' ಎಂದೇ ಕರೆದುಕೊಂಡರು. 'ನೀರು' ಎಂಬುದು ಅವಳಿಗೆ ತಾನಾಗಿಯೇ ತಿಳಿಯಿತು. 'ನೀರ್' ಎಂಬ ಮಾತನ್ನು ಭಜನೆಗಳಲ್ಲಿ ಕೇಳಿದ್ದಳು. 'ಒಂದಕ್ಕೆ ಹೋಗಬೇಕು' ಎಂಬುದು ಮಾತ್ರ ತಿಳಿಯಲಿಲ್ಲ. ಹಾಗೆಂದಾಗ ಅತ್ತೆ ಸೆರಗನ್ನು ಹೇಗೆ ಎಳೆದುಕೊಳ್ಳುತ್ತಾರೆ ಎಂಬುದನ್ನು ಅವಳು ಎರಡನೆಯ ದಿನ ಗಮನಿಸಿದಳು. ಮೂರನೆಯ ದಿನದಿಂದ ಮಾತಿನ ಅಗತ್ಯವೇ ಬೀಳಲಿಲ್ಲ.

ಆ ಡಬ್ಬಿಗೆ ಅತ್ತೆ ಏನೆಂದು ಹೇಳಬೇಕಿತ್ತು? ಹನ್ನೆರಡು ಜನ ಮಲಗಿರುವ ವಾರ್ಡಿನಲ್ಲಿ, ಗಂಡಸರೂ ಹೆಂಗಸರೂ ನೆಂಟರಾಗಿ ನೆರೆದಿರುವಲ್ಲಿ, ಮಡಿವಂತ ಮುದುಕಿಯೊಬ್ಬರು ತಮಗೆ ಬೇಕಾದುದನ್ನು ಗಟ್ಟಿ ದನಿಯಲ್ಲಿ ಘೋಷಿಸಬೇಕೆ? ಒತ್ತುವ ಗಂಟೆಗೆ ಒಂದು ಮರ್ಯಾದೆಯಿದೆ: ಏಕೆ ಕರೆಯುತ್ತಿದ್ದೇನೆಂದು ಅದು ಊರಿಗೆಲ್ಲ ಸಾರುವುದಿಲ್ಲ. ಇನ್ನು, ಹೇಳಿದರೂ ಯಂತ್ರ 'ಒಂದು' ಎಂಬ ಅಂಕಿಯನ್ನು ಹಿಡಿದುಕೊಂಡು ಕೂರುವುದಲ್ಲದೆ ಮತ್ತೇನು?

ಯಂತ್ರಕ್ಕೆ ಭಾಷೆ ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ, ಡಿಸೆಂಬರ್ 17ರಂದು, ಇದೇ ಊರಿನ ಉತ್ತರ ತುದಿಯ ನಮೋ ಘಾಟಿನಲ್ಲಿ ಕಾಶೀ ತಮಿಳು ಸಂಗಮಂ ಉದ್ಘಾಟನೆಯಾಯಿತು. ಪ್ರಧಾನಿಯವರ ಹಿಂದಿ ಭಾಷಣವನ್ನು 'ಭಾಷಿಣಿ' ಎಂಬ ಸರ್ಕಾರಿ ಯಂತ್ರವ್ಯವಸ್ಥೆ ಅಲ್ಲಿಯೇ ತಮಿಳಿಗೆ ತಿರುಗಿಸಿ ಸಭಿಕರ ಕಿವಿಗೆ ಮುಟ್ಟಿಸಿತು. ಮೆಚ್ಚತಕ್ಕ ಸಾಧನೆಯೇ. ಆದರೆ ಅದು ವೇದಿಕೆಯ ಮೇಲಿನ ಸ್ಪಷ್ಟ ದನಿ, ಮುಂದೆ ಒಳ್ಳೆಯ ಮೈಕು. ನಮ್ಮ ವಾರ್ಡಿನಲ್ಲಿದ್ದುದು ಹಲ್ಲಿಲ್ಲದ ಬಾಯಿ, ಅರಿವಳಿಕೆಯ ಮಂಪರು, ಕಿಟಕಿಯಾಚೆ ಮದುವೆ ಮೆರವಣಿಗೆಯ ಬ್ಯಾಂಡು. ಭಾಷಿಣಿಯ ಮೊದಲ ಗುರಿ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳು. ಕನ್ನಡ ಅದರಲ್ಲಿದೆ ಎಂದು ನಾವು ಬೀಗಬಹುದು. ಆದರೆ ಅಸ್ಸಿಯ ಬೀದಿಯ ಮಾತಾದ ಭೋಜಪುರಿ ಅದರಲ್ಲಿಲ್ಲ. 2011ರ ಜನಗಣತಿಯಲ್ಲಿ ಐದು ಕೋಟಿಗೂ ಮೀರಿದ ಜನ ಅದನ್ನು ತಾಯ್ನುಡಿಯೆಂದು ಬರೆಸಿದರೂ ಅದು ಹಿಂದಿಯ ಲೆಕ್ಕಕ್ಕೆ ಸೇರಿಹೋಯಿತು. ನಮ್ಮ ತುಳುವಿಗೂ ಕೊಡವಕ್ಕೂ ಆ ಅನುಸೂಚಿಯಲ್ಲಿ ಜಾಗವಿಲ್ಲ. ಪುಸ್ತಕದ ಹಿಂದಿ ಆಡುವವನ ಕರೆ ಮೊದಲು ಮುಟ್ಟಿ, ಗಾಜೀಪುರದ ಕೂಲಿಯವನ ಕರೆ ಮುಟ್ಟದೆಯೇ ಹೋಗುವಂಥ ಏರ್ಪಾಡಿಗೆ ಹೊರನಾಡ ಕನ್ನಡಿಗರು ಹಣ ಕೊಡುವುದೆಂದರೆ! ಪರಭಾಷೆಯ ಊರಿನಲ್ಲಿ ಮಾತು ತಿಳಿಯದೆ ಕೌಂಟರಿನ ಮುಂದೆ ನಿಂತ ಅನುಭವ ನಮ್ಮಲ್ಲಿ ಯಾರಿಗಿಲ್ಲ?

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್‌ಗಳ ಮಾತು ಗ್ರಹಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿತು. ಬಿಳಿಯರ ಮಾತಿನಲ್ಲಿ ನೂರಕ್ಕೆ ಸುಮಾರು 19 ಪದಗಳು ತಪ್ಪಾದರೆ, ಕರಿಯರ ಮಾತಿನಲ್ಲಿ 35. ಎರಡೂ ಇಂಗ್ಲಿಷೇ. 2024ರ ಇನ್ನೊಂದು ಅಧ್ಯಯನ ಓಪನ್‌ಎಐಯ 'ವಿಸ್ಪರ್' ಅನ್ನು ಕುರಿತದ್ದು. ನೂರರಲ್ಲಿ ಸುಮಾರು ಒಂದು ಧ್ವನಿತುಣುಕಿನಲ್ಲಿ ಅದು ಯಾರೂ ಆಡದ ಮಾತನ್ನು ತಾನೇ ಸೃಷ್ಟಿಸಿ ಬರೆಯಿತು. ಮೆದುಳಿನ ಆಘಾತದಿಂದ ಮಾತು ತೊದಲುವವರ ವಿಷಯದಲ್ಲಿ ಇದು ಹೆಚ್ಚು. ಹಿಂದಿಯಲ್ಲಿ ಇಪ್ಪತ್ತೈದು ಪಚ್ಚೀಸ್, ಐವತ್ತು ಪಚಾಸ್, ಐವತ್ತೈದು ಪಚ್‌ಪನ್. ಬೆಳಗಿನ ನಾಲ್ಕು ಗಂಟೆಗೆ ದಣಿದ ದಾದಿ ಇನ್ಸುಲಿನ್ನಿನ ಪ್ರಮಾಣವನ್ನು ಬಾಯಲ್ಲಿ ಹೇಳಿ ಮುಂದಿನ ಹಾಸಿಗೆಗೆ ಓಡುತ್ತಾಳೆ ಎಂದಿಟ್ಟುಕೊಳ್ಳಿ. ಬರೆದದ್ದು ಸರಿಯೇ ಎಂದು ಓದಿ ನೋಡಲು ಅವಳಿಗೆ ಬಿಡುವು ಎಲ್ಲಿದೆ? ತಪ್ಪಾದರೆ ಹೊಣೆ ಯಂತ್ರದ್ದೋ, ಅವಳದೋ? ಈ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಬರಲಿಲ್ಲ.

ಮಿತ್ರರು ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯನ್ನು ಉದಾಹರಿಸಿದರು. ಸರಿ, ಅದನ್ನೇ ನೋಡೋಣ. 2019ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಕೋಣೆಗಳಲ್ಲಿ ಅಮೆಜಾನಿನ ಅಲೆಕ್ಸಾ ಆಧಾರದ ವ್ಯವಸ್ಥೆಯನ್ನು ಪ್ರಯೋಗಿಸಿದರು. ಟೀವಿ ಹಾಕುವುದು ಯಂತ್ರದ ಕೆಲಸವಾಯಿತು. ನೋವಿನ ಕರೆ ದಾದಿಗೆ, ಶೌಚಾಲಯಕ್ಕೆ ಕರೆದೊಯ್ಯುವ ಕರೆ ಸಹಾಯಕಿಗೆ. ಹೊತ್ತಿಗೆ ಉತ್ತರ ಬಾರದಿದ್ದರೆ ಕರೆ ಮೇಲಿನವರಿಗೆ. ಒಳ್ಳೆಯ ಏರ್ಪಾಡೆಂದು ನಾನು ಒಪ್ಪುತ್ತೇನೆ. ಆದರೆ ಅಲ್ಲಿ ಕರೆಯನ್ನು ಹಂಚಿಕೊಳ್ಳಲು ಜನರಿದ್ದರು. ಕ್ಯಾಲಿಫೋರ್ನಿಯಾದಲ್ಲಿ ದಾದಿಯೊಬ್ಬಳಿಗೆ ಎಷ್ಟು ರೋಗಿಗಳೆಂಬುದಕ್ಕೆ 1999ರಲ್ಲೇ ಕಾನೂನಾಯಿತು, 2004ರಲ್ಲಿ ಜಾರಿಗೆ ಬಂತು. 2005ರಿಂದ ಸಾಮಾನ್ಯ ವಾರ್ಡುಗಳಲ್ಲಿ ಐವರಿಗೆ ಒಬ್ಬಳಿಗಿಂತ ಕಡಿಮೆ ಇರುವಂತಿಲ್ಲ. ಕಾನೂನು ಬಂದ ಹದಿನೈದು ವರ್ಷದ ಮೇಲೆ ಯಂತ್ರ ಬಂತು. ನಮ್ಮಲ್ಲೂ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವಿದೆ: ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ಉಳಿದೆಡೆ ಐವರಿಗೆ ಒಬ್ಬರು. ನಾನು ಎಣಿಸಿದ್ದು ಹತ್ತೊಂಬತ್ತಕ್ಕೆ ಒಬ್ಬಳನ್ನು. ಅಲ್ಲಿ ಹತ್ತೊಂಬತ್ತು ಡಬ್ಬಿಗಳನ್ನಿಟ್ಟರೆ ಆಗುವುದಿಷ್ಟೆ: ಹತ್ತೊಂಬತ್ತು ಕರೆಗಳು ಅದೇ ಎರಡು ಕಾಲುಗಳಿಗೆ ಮೊದಲಿಗಿಂತ ಬೇಗ ಮುಟ್ಟುತ್ತವೆ. ಎಷ್ಟು ನಿಮಿಷ ತಡವಾಗಿ ಬಂದಳು ಎಂಬ ಲೆಕ್ಕ ಯಂತ್ರದಲ್ಲಿ ದಾಖಲಾಗಿ ಮಾಲೀಕರ ಮೇಜಿಗೆ ಹೋಗುತ್ತದೆ. ಅವಳ ಪಾಲಿಗೆ ಎಷ್ಟು ಹಾಸಿಗೆಗಳಿದ್ದವು ಎಂಬ ಲೆಕ್ಕ ಯಾರ ಮೇಜಿಗೆ ಹೋಗುತ್ತದೆ?

ಸಂಬಳದ ವಿಷಯವನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ತಿಂಗಳ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟ ವಿಷಯವಾಯಿತು. ಗಾಜೀಪುರದ ಹುಡುಗಿಗೆ 2023ರಲ್ಲಿ ಸಿಗುತ್ತಿದ್ದುದು ಒಂಬತ್ತು ಸಾವಿರ. ಕೇರಳದಿಂದಲೂ ನಮ್ಮ ಮಂಗಳೂರು, ಬೆಂಗಳೂರುಗಳ ಕಾಲೇಜುಗಳಿಂದಲೂ ಕಲಿತು ಹೊರಬಿದ್ದ ಹೆಣ್ಣುಮಕ್ಕಳು ಕೊಲ್ಲಿ ರಾಷ್ಟ್ರಗಳಿಗೆ ಏಕೆ ಹೋಗುತ್ತಾರೆಂದು ಅಚ್ಚರಿಪಡುವವರು ಈ ಅಂಕಿಯನ್ನು ನೋಡಬಹುದು.

ಹಾಗಾದರೆ ಹಣವನ್ನು ಏನು ಮಾಡೋಣ? ನನ್ನ ತಿದ್ದುಪಡಿಯನ್ನು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ಯಾವ ಆಸ್ಪತ್ರೆಗೆ ಯಂತ್ರ ಕೊಡುತ್ತೇವೆಯೋ ಅದು ಮೊದಲು ರಾತ್ರಿ ಪಾಳಿಯ ದಾದಿಯರ ಸಂಖ್ಯೆಯನ್ನೂ ರೋಗಿಗಳ ಸಂಖ್ಯೆಯನ್ನೂ ವಾರ್ಡಿನ ಬಾಗಿಲಿನ ಮೇಲೆ ದಿನವೂ ಬರೆಯಲಿ. ಯಂತ್ರ ಬಂದ ಕಾರಣಕ್ಕೆ ಒಂದು ಹುದ್ದೆಯನ್ನೂ ಖಾಲಿ ಬಿಡುವುದಿಲ್ಲವೆಂದು ಲಿಖಿತವಾಗಿ ಒಪ್ಪಲಿ. ಒತ್ತುವ ಗಂಟೆಯನ್ನು ಕೀಳದಿರಲಿ. ಭೋಜಪುರಿಯ, ಬಂಗಾಳಿಯ, ಕನ್ನಡದ ಮುದುಕಿಯರನ್ನು ಕೂರಿಸಿಕೊಂಡು ಪರೀಕ್ಷಿಸಿದ ಮೇಲೆಯೇ ಡಬ್ಬಿಯನ್ನು ಗೋಡೆಗೆ ಹಾಕಲಿ. ಇಷ್ಟಕ್ಕೆ ಒಪ್ಪದಿದ್ದರೆ ಆ ಹಣದಲ್ಲಿ ರಾತ್ರಿ ಪಾಳಿಗೆ ಒಬ್ಬ ಆಯಾಳ ಸಂಬಳವನ್ನು ಸಂಘವೇ ಕೊಡಲಿ. ಆಯಾಳ ಮೇಲೆ ಸಂಘದ ಹೆಸರು ಬರೆಯಲಾಗುವುದಿಲ್ಲ ಎಂಬ ತೊಂದರೆಯೊಂದಿದೆ, ನಿಜ.

ಭಾಷಿಣಿಯವರು 'ಭಾಷಾ ದಾನ' ಎಂದು ಜನರ ದನಿಯನ್ನೂ ಸಂಗ್ರಹಿಸುತ್ತಾರೆ. ಗೋದಾನ, ಪಿಂಡದಾನಗಳ ಈ ಕ್ಷೇತ್ರದಲ್ಲಿ ಇದೂ ಒಂದು ದಾನವಾಗಲಿ. ಸದಸ್ಯರು ತಮ್ಮ ಮನೆಯ ಹಿರಿಯರ ದನಿಯನ್ನು ಕೊಡಲು ನನ್ನ ಆಕ್ಷೇಪವಿಲ್ಲ. ಮುಂದೊಂದು ದಿನ ಯಂತ್ರಕ್ಕೆ 'ಒಂದಕ್ಕೆ' ಎಂಬುದು ತಿಳಿಯಬಹುದು.

ಅತ್ತೆ ಈಗ ಸಾಗರದಲ್ಲಿ ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಫೋನಿನಲ್ಲಿ 'ದಾದಿ ಹೇಗಿದ್ದಾಳೆ?' ಎಂದು ಕೇಳುತ್ತಲೇ ಇರುತ್ತಾರೆ. ಕಳೆದ ವಾರ ಆ ಆಸ್ಪತ್ರೆಯ ಕಡೆ ಹೋಗಿ ವಿಚಾರಿಸಿದೆ. ಹುಡುಗಿ ಕೆಲಸ ಬಿಟ್ಟು ದೆಹಲಿಗೆ ಹೋದಳಂತೆ. ಅವಳ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವೆಂದು ಔಷಧದಂಗಡಿಯವನು ಹೇಳಿದ.